ಕಣ್ಣೆದುರಿನ ಟೀ

ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಟೀ ಪಾತ್ರೆಯ ಮೇಲೆ ನೆಟ್ಟು, ಕುತ್ತಿಗೆ ಮುಂದೆ ಚಾಚಿ ನಿಲ್ಲುತ್ತಿದ್ದರು ನಮ್ಮ ಎದುರುಮನೆಯ ಅಜ್ಜ. ಆ ಭಂಗಿಯನ್ನು ಹೊಸದುರ್ಗದ ಬಸ್ ಸ್ಟ್ಯಾಂಡಿಗೆಲ್ಲ ಅಣಕಿಸಿ ತೋರಿಸಿದ ಮೂರ್ಖ ನಾನೇ. ಮೊದಲೇ ಒಪ್ಪಿಬಿಡುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ.

ಅಜ್ಜ ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರಿನ ಮಟ್ಟ ನೋಡಿ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಸ್ವತಃ ಇಳಿದು ನೋಡದೆ ಒಂದು ಅಂಕಿಯನ್ನೂ ಬರೆದವರಲ್ಲ. ನಿವೃತ್ತಿಯಾದ ಮೇಲೆ ಆ ಅನುಮಾನ ಸುಮ್ಮನೆ ಕೂರಲಿಲ್ಲ. ಹಾಲಿನವನ ಕ್ಯಾನು, ಮುಚ್ಚಿಟ್ಟ ಫ್ಲಾಸ್ಕು, ನನ್ನ ಮುಖ, ಯಾವುದನ್ನೂ ನಂಬುತ್ತಿರಲಿಲ್ಲ. ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯ ಅಕ್ಕನಿಗೆ ದಿನವೂ ಒಂದೇ ಮಾತು: “ಕಣ್ಣೆದುರು ಹಾಕವ್ವ.” ಹೊಸ ನೀರು, ಹೊಸ ಪುಡಿ, ಅವರು ನೋಡುತ್ತಿರುವಂತೆಯೇ.

ಅವರು ಅತ್ತ ಹೋದೊಡನೆ ನಾನು ಅದನ್ನೇ ಅವರ ದನಿಯಲ್ಲಿ ಹೇಳುತ್ತಿದ್ದೆ. ಡ್ರೈವರುಗಳು ನಕ್ಕರು. ವಾರದೊಳಗೆ “ಅಕ್ಕಾ, ಎರಡು ಕಣ್ಣೆದುರು” ಅನ್ನತೊಡಗಿದರು. ಹೊಸದಾಗಿ ಕಾಸಿದ ಟೀಗೆ ಅದೇ ಹೆಸರಾಯಿತು. ಕಂಡಕ್ಟರುಗಳ ಬಾಯಲ್ಲಿ ಶ್ರೀರಾಂಪುರ, ಮತ್ತೋಡಿ ಊರುಗಳಿಗೂ ಹೋಯಿತು. ಅಲ್ಲಿನವರಿಗೆ ಅಜ್ಜನೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ.

ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಲು ಅಜ್ಜನನ್ನು ಹಿರಿಯೂರಿಗೆ ಕರೆದೊಯ್ದೆ. ವಾಪಸ್ ಹೊರಟಾಗ ಬಸ್ಸಿನ ಕಿಟಕಿಯ ಬಳಿ ಫ್ಲಾಸ್ಕು ಹಿಡಿದವನೊಬ್ಬ ಕೂಗಿದ: “ಟೀ, ಟೀ, ಕಣ್ಣೆದುರು ಟೀ!”

“ಯಾವಾಗ ಕಾಸಿದ್ದಪ್ಪ?” ಅಂದರು ಅಜ್ಜ.

“ಬೆಳಿಗ್ಗೇನೇ ಯಜಮಾನ್ರೆ.”

“ಮತ್ತೆ ಕಣ್ಣೆದುರು ಅಂತೀಯ?”

“ಅದು ಟೀ ಹೆಸ್ರು. ಎಲ್ಲಾರೂ ಹಂಗೇ ಅಂತಾರೆ. ಬೇಕೋ ಬ್ಯಾಡ್ವೋ ಹೇಳ್ರಿ, ಬಸ್ಸು ಹೊಂಡ್ತೈತೆ.”

ಊರು ಮುಟ್ಟುವಷ್ಟರಲ್ಲಿ ಅಜ್ಜ ಅಪರಾಧಿಯನ್ನು ಪತ್ತೆ ಮಾಡಿದ್ದರು. ಟೀ ಅಂಗಡಿ ಅಕ್ಕ! “ನನ್ ಮಾತು ಇಟ್ಕಂಡು ಯಾಪಾರ ಮಾಡ್ಕಂಡಾಳೆ.” ಮರುದಿನದಿಂದ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ನಡೆದರು. ಹೆಂಡತಿ ಹೋದ ಮೇಲೆ ಅವರು ಕೂತು ನಾಲ್ಕು ಮಾತಾಡುತ್ತಿದ್ದ ಜಾಗ ಅದೊಂದೇ.

ಅಕ್ಕ ನನ್ನನ್ನೇ ಕೇಳಿದಳು: “ನಾನೇನ್ ಮಾಡ್ದೆ ಅಂತ ಅಜ್ಜ ಮುನಿಸ್ಕಂಡಾರೆ?” ಆ ವಾರ ನಾನು ಯಾರನ್ನೂ ಅಣಕಿಸಲಿಲ್ಲ.

ಕೊನೆಗೆ ಅಜ್ಜನ ಮುಂದೆ ಹೋಗಿ, ಮಾತು ಹಬ್ಬಿಸಿದ್ದು ನಾನೇ ಅಂದೆ. ಅದನ್ನೂ ನಂಬಲಿಲ್ಲ. “ಲೇ, ಆಯಮ್ಮನ್ನ ಉಳ್ಸಾಕೆ ಸುಳ್ಳು ಹೇಳ್ತೀಯ.” ಬೇರೆ ದಾರಿಯಿರಲಿಲ್ಲ, ಅವರ ಮುಂದೆಯೇ ಅವರಾಗಿ ನಿಂತೆ. ಬಹಳ ಹೊತ್ತು ನೋಡಿದರು.

“ಕುತ್ತಿಗೆ ಇನ್ನೊಂದೀಟು ಮುಂದ್ಕೆ ಬರ್ಬೇಕು” ಅಂದರು. ಆಮೇಲೆ, “ನೀನೊಬ್ನೇ ಹಬ್ಸಿದ್ಯೇನಲೇ? ಊರಿಗೆ ಬ್ಯಾಡಾಗಿದ್ರೆ ಅವತ್ತೇ ಸಾಯ್ತಿತ್ತು ಆ ಮಾತು.”

ಅಜ್ಜ ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಮಾತು ಇನ್ನೂ ಬಸ್ಸು ಹತ್ತಿ ಓಡಾಡುತ್ತಿದೆ. ಯಾರು ‘ಕಣ್ಣೆದುರು’ ಅಂದರೂ ನನಗೀಗ ಮೊದಲು ಬರುವುದು ಅನುಮಾನ. ಆ ಕಾಯಿಲೆ ಅವರೇ ಅಂಟಿಸಿ ಹೋದದ್ದು, ವಾಸಿಯಾಗುವುದೂ ನನಗೆ ಬೇಡ.

ನಾನು ತಪ್ಪೊಪ್ಪಿಕೊಂಡ ಆ ದಿನವೇ ಸಂಜೆ ಅಜ್ಜ ಮತ್ತೆ ಅಂಗಡಿಗೆ ಬಂದಿದ್ದರು. ರೂಢಿಯಂತೆ ಒಲೆಯತ್ತ ಬಗ್ಗಿದರು. ಅಕ್ಕ ಪಾತ್ರೆಗೆ ಟಪ್ಪೆಂದು ತಟ್ಟೆ ಮುಚ್ಚಿದಳು.

“ಹನ್ನೆರಡು ವರ್ಸ ಪಾತ್ರೆ ನೋಡಿದ್ರಿ ಅಜ್ಜ. ಇವತ್ತು ನನ್ ಮುಖ ನೋಡಿ ಕುಡೀರಿ.”