ಮೂರನೆಯ ಕೊಯ್ತ

ಬೆಳಕು ಹರಿಯುವುದಕ್ಕೆ ಮೊದಲು ಆಕೆ ಮಾಡಿ ಮುಗಿಸುವ ಕೆಲಸಗಳಿವು: ಒಲೆ ಹಚ್ಚಿ ನೀರಿಡುವುದು. ನೀರು ಕಾಯುವಷ್ಟರಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಗಳ ಪಕ್ಕ ಹಿಂದಿನ ಸಂಜೆ ಅಂಟು ಹಾಕಿ ಬಿಗಿದಿಟ್ಟ ಮರದ ತುಂಡುಗಳ ಕ್ಲಾಂಪ್ ಸಡಿಲಿಸುವುದು. ಅಂಚಿನಲ್ಲಿ ಒಸರಿ ಗಟ್ಟಿಯಾದ ಅಂಟನ್ನು ಬ್ಲೇಡಿನಿಂದ ಕೆರೆಯುವುದು. ಹಾಲು ಉಕ್ಕದ ಹಾಗೆ ಒಂದು ಕಣ್ಣು ಅತ್ತ ಇಟ್ಟಿರುವುದು. ಅತ್ತೆಯ ಮಾತ್ರೆಗಳನ್ನು ತಟ್ಟೆಯಲ್ಲಿ ತೆಗೆದಿಡುವುದು. ಗಂಡ ಮರ ಕಡೆಯುವ ಲೇತ್ ಕೋಣೆಯಲ್ಲಿ ನಿನ್ನೆ ಬಿದ್ದ ಮರದ ಸುರುಳಿಗಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬುವುದು. ಉಳಿಗಳನ್ನು ಒರೆಸಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸುವುದು. ಸಾಲು ತಪ್ಪಿದರೆ ಆತನಿಗೆ ಕೈ ಓಡುವುದಿಲ್ಲ. ಕೊನೆಗೆ, ಗೋಡೆಯ ಮೇಲಿನ ಚೌಕಟ್ಟಿನ ಧೂಳು ಒರೆಸುವುದು.

ಈ ಕೊನೆಯ ಕೆಲಸ ಸೇರಿಕೊಂಡು ಬಹಳ ಕಾಲವಾಗಿಲ್ಲ. ಚೌಕಟ್ಟಿನೊಳಗೆ ಇರುವುದು ಪತ್ರಿಕೆಯಿಂದ ಕತ್ತರಿಸಿದ ಫೋಟೊ. ಗಂಡ ಲೇತಿನ ಮುಂದೆ ಉಳಿ ಹಿಡಿದು ನಿಂತಿದ್ದಾನೆ. ‘ಮರದಲ್ಲಿ ಉಂಗುರ ಹೆಣೆಯುವ ಮಾಂತ್ರಿಕ’ ಎಂದು ಕೆಳಗೆ ದಪ್ಪ ಅಕ್ಷರದಲ್ಲಿದೆ. ಬಲ ಅಂಚಿನಲ್ಲಿ ಚಹಾದ ಲೋಟ ಹಿಡಿದ ಒಂದು ಕೈ ಇದೆ, ಮಣಿಕಟ್ಟಿನವರೆಗೆ ಮಾತ್ರ. ಹೆಬ್ಬೆರಳಿಗೆ ಒಣಗಿದ ಅಂಟು ಮೆತ್ತಿಕೊಂಡಿದೆ. ಆ ಕೈ ಆಕೆಯದು.

ಆ ಮನೆಯಲ್ಲಿ ತಯಾರಾಗುವ ಮರದ ಪೆನ್ನುಗಳು ಹೆಸರು ಮಾಡಿದ್ದು ಅವುಗಳ ಮೈಮೇಲೆ ಒಂದರೊಳಗೊಂದು ತೂರಿಕೊಂಡಿರುವ ನಾಲ್ಕು ಹಿತ್ತಾಳೆಯ ಉಂಗುರಗಳಿಂದ. ನೋಡಿದವರು ಅವನ್ನು ಲೇತಿನ ಮೇಲೆ ಕೆತ್ತುತ್ತಾರೆ ಎಂದುಕೊಳ್ಳುತ್ತಾರೆ. ಅದು ಕೆತ್ತನೆಯಲ್ಲ. ಗೇಣುದ್ದವೂ ಇಲ್ಲದ ಚೌಕ ಮರದ ತುಂಡನ್ನು ಓರೆಯಾಗಿ ಕೊಯ್ದು, ಸೀಳಿನಲ್ಲಿ ತೆಳ್ಳನೆಯ ಹಿತ್ತಾಳೆ ತಗಡು ಕೂರಿಸಿ, ಅಂಟಿಸಿ, ಒಣಗಿದ ಮೇಲೆ ಮಗ್ಗುಲು ಬದಲಿಸಿ ಮತ್ತೆ ಕೊಯ್ಯಬೇಕು. ಹೀಗೆ ನಾಲ್ಕೂ ಮಗ್ಗುಲಿಗೆ. ಪ್ರತಿ ಸಲವೂ ತುಂಡಿನ ಅದೇ ತುದಿ ಮುಂದಿರಬೇಕು. ತುದಿ ಅದಲುಬದಲಾಯಿತೋ, ಉಂಗುರಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ನಿಲ್ಲುತ್ತವೆ; ಆ ತುಂಡು ಒಲೆಗೇ ಸರಿ. ನಾಲ್ಕೂ ಕೊಯ್ತ ಸರಿಯಾದರೆ ನಡುವೆ ತೂತು ಕೊರೆದು ಲೇತಿಗೆ ಏರಿಸುತ್ತಾರೆ. ಚೌಕ ಸವೆದು ಗುಂಡಾಗುತ್ತಿದ್ದ ಹಾಗೆ ಹಿತ್ತಾಳೆಯ ಗೆರೆಗಳು ಬಾಗಿ, ಸುತ್ತಿ, ಹೆಣೆದುಕೊಂಡು ಮೇಲೇಳುತ್ತವೆ. ನೋಡುವವರು ಕಣ್ಣು ಬಾಯಿ ಬಿಡುವುದು ಆಗಲೇ. ಆಗ ಉಳಿ ಇರುವುದು ಗಂಡನ ಕೈಯಲ್ಲಿ.

ಕೊಯ್ಯುವುದು, ಅಂಟಿಸುವುದು ಆಕೆಯ ಪಾಲು. ಒಲೆಯ ಕಾವಿಗೆ ಅಂಟು ಬೇಗ ಒಣಗುತ್ತದೆ ಎಂದು ಮೊದಮೊದಲು ಅಡುಗೆಮನೆಯಲ್ಲಿ ಇಟ್ಟುಕೊಂಡದ್ದು ಹಾಗೇ ಉಳಿಯಿತು. ಅಡುಗೆಮನೆಯಲ್ಲಿ ಆಗುವುದೆಲ್ಲ ಅಡುಗೆಯೇ ಎಂಬ ಲೆಕ್ಕದಲ್ಲಿ ಆ ಕೆಲಸಕ್ಕೂ ಹೆಸರಿಲ್ಲದೆ ಹೋಯಿತು.

ಫೋಟೊ ತೆಗೆಯಲು ಬಂದ ಪತ್ರಿಕೆಯ ಹುಡುಗಿ ಕೇಳಿಯೇ ಕೇಳಿದ್ದಳು: “ಅಮ್ಮ, ನೀವೂ ಏನಾದ್ರೂ ಮಾಡ್ತೀರಾ ಇದರಲ್ಲಿ?”

ಆಕೆ ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿದ: “ಅವಳಾ? ಚಹಾ ಮಾಡ್ತಾಳೆ. ಅದಕ್ಕೂ ಒಂದೊಂದ್ಸಲ ಸಕ್ಕರೆ ಹಾಕೋದು ಮರೀತಾಳೆ.”

ಎಲ್ಲರೂ ನಕ್ಕರು. ಅತ್ತೆ ಕೆಮ್ಮು ಬರುವಷ್ಟು ನಕ್ಕಳು. “ಏ, ಆ ಕ್ಲಾಂಪು ಗೀಂಪು ಎಲ್ಲ ಆಚೆ ತೆಗಿಯೇ, ಫೋಟೊದಲ್ಲಿ ಕಸ ಬರುತ್ತೆ” ಎಂದೂ ಗಂಡ ಸೇರಿಸಿದ. ಆಕೆ ತೆಗೆದಳು. ತೆಗೆಯುತ್ತ ತಾನೂ ನಕ್ಕಳು. ಆ ನಗು ಅವತ್ತಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಧೂಳು ಒರೆಸಲು ಚೌಕಟ್ಟು ಮುಟ್ಟಿದಾಗಲೆಲ್ಲ ಚುಚ್ಚುತ್ತಿತ್ತು.

ಸೇಡು ತೀರಿಸಿಕೊಳ್ಳಬೇಕು ಎಂದು ಆಕೆ ನಿರ್ಧರಿಸಿದ್ದು ಒಂದು ಬೆಳಗ್ಗೆ ಚೌಕಟ್ಟಿನ ಗಾಜು ಉಜ್ಜುತ್ತಿದ್ದಾಗ. ನಿರ್ಧರಿಸಿದ ಮೇಲೆ ಮನಸ್ಸಿಗೆ ಹಿತವಾಯಿತು. ಆದರೆ ಹೇಗೆ ಎಂದು ಯೋಚಿಸಲು ಕೂತರೆ ಎಲ್ಲ ದಾರಿಗಳೂ ಸುತ್ತಿ ಬಳಸಿ ಆಕೆಯ ಬಚ್ಚಲಿಗೇ ಬಂದು ನಿಲ್ಲುತ್ತಿದ್ದವು. ಚಹಾಕ್ಕೆ ಉಪ್ಪು ಹಾಕಬಹುದು. ಇನ್ನೊಂದು ಲೋಟ ಮಾಡಿಕೊಡಬೇಕಾದವಳು ತಾನೇ. ಇಷ್ಟದ ಅಂಗಿ ಸುಡಬಹುದು. ತೇಪೆ ಹಾಕುವವಳೂ ತಾನೇ. ಅಂಟಿನ ಬದಲು ಬರೀ ಹಿಟ್ಟಿನ ಗಂಜಿ ಹಚ್ಚಿ ಕೊಟ್ಟರೆ ತುಂಡು ಲೇತಿನ ಮೇಲೆ ಸಿಡಿದು ಚೂರಾಗುತ್ತದೆ. ಇದು ಆಕೆಗೆ ಬಹಳ ಹಿಡಿಸಿತು. ಒಂದು ಮಧ್ಯಾಹ್ನ ಗಂಜಿಯನ್ನೂ ಕಲಸಿದಳು. ಕಲಸುತ್ತಿದ್ದಾಗ ಚೂರೊಂದು ಆತನ ಕಣ್ಣಿಗೆ ಹೊಡೆದಂತೆ ಕಣ್ಣಮುಂದೆ ಬಂತು. ಆಸ್ಪತ್ರೆ, ಕಣ್ಣಿಗೆ ಪಟ್ಟಿ, ಹೊತ್ತು ಹೊತ್ತಿಗೆ ಔಷಧಿ. ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಬೇಕು, ತುತ್ತು ಬಾಯಿಗಿಡಬೇಕು. ಯಾರು? ಆಕೆ ಗಂಜಿಯನ್ನು ಚೆಲ್ಲಿ ಪಾತ್ರೆ ತೊಳೆದಿಟ್ಟಳು.

ತುದಿ ಅದಲುಬದಲು ಮಾಡಿ ಕೊಯ್ದ ತುಂಡು ಕೊಡಬಹುದಿತ್ತು. ಆಗ ಆತ ಎಲ್ಲರೆದುರು ಏನು ಹೇಳುತ್ತಾನೆಂದು ಆಕೆಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು: ‘ಇದು ನನ್ನ ಹೆಂಡತಿ ಅಂಟಿಸಿದ್ದು.’ ಆಕೆಯ ಕೆಲಸ ಆಕೆಯದಾಗುವುದು ಕೆಟ್ಟಾಗ ಮಾತ್ರ.

ಆಕೆಗೆ ಬೇಕಾಗಿದ್ದು ಇಷ್ಟೇ: ಒಂದೇ ಒಂದು ಸಲ, ನಾಲ್ಕು ಜನರೆದುರು, ತನ್ನ ಕೈ ಸೋಕದ ಮರದ ತುಂಡು ಹಿಡಿದುಕೊಂಡು ಆತ ನಿಲ್ಲಬೇಕು. ಅದನ್ನು ತಾನು ಕೂತು ನೋಡಬೇಕು.

ದಾರಿಯನ್ನು ತೋರಿಸಿಕೊಟ್ಟವರು ಪೆನ್ನಿನ ಅಂಗಡಿಯವರು. ಆತನ ಪೆನ್ನುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಮಾರುವ ಮನುಷ್ಯ. ಮಾತಿನಲ್ಲಿ ಬೆಲ್ಲ, ಲೆಕ್ಕದಲ್ಲಿ ಕಬ್ಬಿಣ. ಹೊಸ ಅಂಗಡಿ ತೆರೆಯುವ ದಿನ ದೊಡ್ಡ ಸಭಾಂಗಣದಲ್ಲಿ ಸಮಾರಂಭವಂತೆ. ಜನರೆದುರಿಗೇ ಪೆನ್ನು ಮಾಡಿ ತೋರಿಸಬೇಕಂತೆ.

“ಅದಕ್ಕೇನು, ಆರಾಮಾಗಿ ಮಾಡೋಣ. ಒಂದು ತುಂಡು ಮನೇಲೇ ಸಿದ್ಧ ಮಾಡ್ಕೊಂಡು ಬರ್ತೀನಿ, ಅಲ್ಲಿ ಲೇತಿಗೆ ಹಾಕಿ ಕಡೆದರೆ ಆಯ್ತು” ಎಂದ ಗಂಡ.

ಆಕೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಾತು ತಾನಾಗಿ ಬಂತು. “ಸಿದ್ಧ ಮಾಡಿದ್ದು ತಂದರೆ ಏನು ಸ್ವಾರಸ್ಯ ರೀ? ಒಳಗಡೆ ಯಾರೋ ಮಾಡಿಕೊಟ್ಟಿರಬೇಕು ಅಂದ್ಕೊಳ್ಳೋದಿಲ್ವಾ ಜನ? ಬರೀ ಮರದಿಂದ ಶುರು ಮಾಡಿ ತೋರಿಸಿ. ಮಾಂತ್ರಿಕ ಅಂತ ಪೇಪರಿನವರು ಸುಮ್ಮನೆ ಬರೆದಿದಾರಾ?”

ಅಂಗಡಿಯವರು ಕುರ್ಚಿಯಲ್ಲಿ ನೆಟ್ಟಗಾದರು. “ಎಂಥ ಮಾತು ಹೇಳಿದಿರಿ ತಾಯಿ! ಮರದಿಂದ ಪೆನ್ನಿನವರೆಗೆ! ಹಾಗೇ ಬೋರ್ಡು ಬರೆಸ್ತೀನಿ. ಆಗುತ್ತಲ್ವಾ ಮೇಷ್ಟ್ರೇ?” ಗಂಡನನ್ನು ಅವರು ಕರೆಯುತ್ತಿದ್ದುದು ಹಾಗೆ.

ಗಂಡ ಚಹಾದ ಲೋಟ ಕೆಳಗಿಳಿಸಿದ. ಆಗುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು. “ಆಗದೇ ಏನು” ಎಂದ, ಲೋಟದೊಳಗೆ ನೋಡುತ್ತ.

ಅಂಗಡಿಯವರು ಹೋದ ಮೇಲೆ ಆತ ಅಡುಗೆಮನೆಗೆ ಬಂದ. ನೀರು ಕುಡಿಯಲಲ್ಲದೆ ಆತ ಅಲ್ಲಿಗೆ ಬಂದದ್ದು ಆಕೆಗೆ ನೆನಪಿಲ್ಲ.

“ಯಾರು ಕೇಳಿದ್ರು ನಿನ್ನ?”

“ನಿಮ್ಮ ಹೆಸರು ಇನ್ನೂ ಮೇಲೆ ಬರಲಿ ಅಂತ ಅಂದೆ.”

ಆತ ಆಕೆಯ ಮುಖ ನೋಡಿದ. ಆಕೆ ಪಾತ್ರೆ ನೋಡಿದಳು. ಆತನ ದನಿ ಇಳಿಯಿತು. “ಆ ಕೊಯ್ಯೋದು… ಒಂಚೂರು ತೋರಿಸು. ಮರೆತುಹೋಗಿದೆ.”

ಎಂದೂ ಕಲಿಯದ್ದು ಮರೆಯುವುದು ಹೇಗೋ! ಆದರೂ ಆಕೆ ತೋರಿಸಿದಳು. ಮುಚ್ಚಿಡಲಿಲ್ಲ, ತಪ್ಪು ಹೇಳಿಕೊಡಲಿಲ್ಲ. ತಪ್ಪು ಹೇಳಿಕೊಟ್ಟಳು ಎಂಬ ಮಾತಿಗೆ ಆಸ್ಪದ ಕೊಡಬಾರದೆಂದು ಆಕೆಯ ಹಟ. ಗರಗಸ ಹಿಡಿಯುವ ರೀತಿ, ಓರೆ, ತಗಡು ಕೂರಿಸುವುದು, ಬೇಗ ಕಚ್ಚುವ ಅಂಟು, ಎಲ್ಲವನ್ನೂ ಹೇಳಿದಳು. ಯಾವ ತುದಿ ಮುಂದೆ ಎಂದು ತಿಳಿಯಲು ಆತ ತುಂಡಿನ ಮಗ್ಗುಲ ಮೇಲೆ ಪೆನ್ಸಿಲಿನಿಂದ ಒಂದು ಬಾಣ ಬರೆದುಕೊಳ್ಳತೊಡಗಿದ. ಅದು ಆತನದೇ ಉಪಾಯ. ಒಂದೆರಡು ತುಂಡು ಹಾಳಾದ ಮೇಲೆ ಉಂಗುರಗಳು ಕೂಡಿಬಂದವು.

“ಇಷ್ಟೇನಾ! ಇದಕ್ಕೆ ದಿನವೆಲ್ಲಾ ಅಡುಗೆಮನೇಲಿ ಅದೇನು ಒದ್ದಾಡ್ತಿದ್ದೆಯೋ” ಎಂದ.

“ನನ್ನ ಮಗನಿಗೆ ಎಲ್ಲಾ ಕೈಗೂಡುತ್ತೆ ಕಣೇ, ಕೂತಲ್ಲೇ ಕಲಿತುಬಿಟ್ಟ” ಎಂದಳು ಅತ್ತೆ, ಒಳಕೋಣೆಯಿಂದ.

“ಹೌದತ್ತೆ. ಪಾತ್ರೆ ತೊಳೆಯೋದೂ ಕಲಿಸಿಬಿಡಲಾ?” ಎಂದಳು ಆಕೆ. ಅತ್ತೆಗೆ ಆ ಹೊತ್ತಿಗೆ ಕಿವಿ ಕೇಳಿಸಲಿಲ್ಲ.

ತಾನೇ ತೋಡಿದ ಹಳ್ಳಕ್ಕೆ ತಾನೇ ಮೆಟ್ಟಿಲು ಕಟ್ಟಿಕೊಟ್ಟ ಹಾಗಾಯಿತಲ್ಲ ಎಂದುಕೊಂಡಳು ಆಕೆ. ಇನ್ನು ಕೊಯ್ಯುವುದೂ ಆತನದೇ ಹೆಸರಿಗೆ.

ಸಮಾರಂಭದ ಹಿಂದಿನ ದಿನ ಆತ ಮತ್ತೊಮ್ಮೆ ಅಭ್ಯಾಸಕ್ಕೆ ನಿಂತ. ಕೊಯ್ದು, ತಗಡು ಕೂರಿಸಿ, ಅಂಟು ಹಾಕಿ, ತುಂಡನ್ನು ಆಕೆಯತ್ತ ಚಾಚಿದ. ಆಕೆ ಒಸರಿದ ಅಂಟನ್ನು ಉಪ್ಪುಕಾಗದದಿಂದ ಉಜ್ಜಿ ಮಗ್ಗುಲು ಮಟ್ಟ ಮಾಡಿದಳು. ಮಟ್ಟವಿಲ್ಲದಿದ್ದರೆ ಮುಂದಿನ ಕೊಯ್ತಕ್ಕೆ ತುಂಡು ಕೂರುವುದಿಲ್ಲ. ಕಟ್ಟೆಯ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡಳು. ಉಜ್ಜಿದಾಗ ಅಳಿಸಿಹೋಗಿದ್ದ ಬಾಣವನ್ನು ಮತ್ತೆ ಬರೆದಳು. ಆತನತ್ತ ಚಾಚಿದಳು.

ಪೆನ್ಸಿಲ್ ಇನ್ನೂ ಕೈಯಲ್ಲೇ ಇತ್ತು. ಆಕೆ ಅದನ್ನು ನೋಡಿದಳು.

ಅಭ್ಯಾಸದ ಮೊದಲ ದಿನದಿಂದಲೂ ಆಕೆ ಹೀಗೇ ಮಾಡುತ್ತ ಬಂದಿದ್ದಳು. ಬಿದ್ದ ಚಮಚ ಎತ್ತಿಡುವ ಹಾಗೆ, ತೆರೆದ ಡಬ್ಬಿ ಮುಚ್ಚುವ ಹಾಗೆ, ತನಗೇ ಗೊತ್ತಿಲ್ಲದೆ. ಬಾಣ ಅಳಿಯುತ್ತದೆ ಎಂಬುದೇ ಆತನಿಗೆ ತಿಳಿದಿರಲಿಲ್ಲ. ಬರೆದದ್ದು ಅಲ್ಲೇ ಇರುತ್ತದೆ ಎಂದುಕೊಂಡಿದ್ದ, ಒಗೆದ ಅಂಗಿ ಗೂಟದಲ್ಲೇ ಇರುವ ಹಾಗೆ. ಮರ ತಿಳಿದವರು ಅಂಥ ಗುರುತನ್ನು ಮಗ್ಗುಲಿಗೆ ಹಾಕುವುದಿಲ್ಲ, ತುದಿಯ ಮೇಲೆ ಮೊಳೆಯಿಂದ ಗೀರುತ್ತಾರೆ. ಆಕೆ ಯಾವಾಗಲೂ ಮಾಡುತ್ತಿದ್ದುದು ಹಾಗೆ. ಆತ ಒಂದು ಸಲವೂ ಕೇಳಿರಲಿಲ್ಲ.

“ಏನು, ನಿಂತ್ಕೊಂಡೇ ನಿದ್ದೆ ಮಾಡ್ತಿದೀಯಾ?” ಎಂದ ಗಂಡ.

“ಇಲ್ಲ ರೀ, ಎಚ್ಚರಾನೇ ಇದೀನಿ” ಎಂದಳು.

ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಮೇಲೆ ‘ಮರದಿಂದ ಪೆನ್ನಿನವರೆಗೆ’ ಎಂಬ ಬೋರ್ಡು. ಆಕೆಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದರು, ಮೇಷ್ಟ್ರ ಮನೆಯವರು ಎಂದು. ಗಂಡ ಚೆನ್ನಾಗಿ ಮಾತಾಡಿದ. ಮರಕ್ಕೂ ಮನುಷ್ಯನಿಗೂ ಇರುವ ಸಂಬಂಧ, ಏಕಾಂತದ ಸಾಧನೆ, ಇತ್ಯಾದಿ. ಮೊದಲ ಕೊಯ್ತ ಸರಿಯಾಯಿತು. ಅಂಟು ಹಾಕಿ, ತುಂಡು ಚಾಚಲು ಪಕ್ಕದಲ್ಲಿ ಯಾರೂ ಇರಲಿಲ್ಲವಾಗಿ ಒರೆಸುವ ಬಟ್ಟೆಯಿಂದ ತಾನೇ ಒರೆಸಿಕೊಂಡ. ಬಾಣ ಉಳಿಯಿತು. ಎರಡನೆಯ ಕೊಯ್ತವೂ ಆಯಿತು. ಈ ಸಲ ಅಂಟು ದಪ್ಪಗೆ ಒಸರಿ ಗಟ್ಟಿಯಾಗಿತ್ತು, ತುಂಡು ಅಲುಗಾಡದೆ ಕೂರಲಿಲ್ಲ. ಆತ ಉಪ್ಪುಕಾಗದ ಎತ್ತಿಕೊಂಡ. ಮಾತಾಡುತ್ತಲೇ, ಸಭೆಯತ್ತ ನಗುತ್ತಲೇ, ನಾಲ್ಕೂ ಮಗ್ಗುಲನ್ನು ಒಂದೊಂದಾಗಿ ಉಜ್ಜಿದ. ತುಂಡನ್ನು ಮೇಲೆತ್ತಿ ಬಲಕ್ಕೆ, ಎಡಕ್ಕೆ, ಹಿಂದಿನ ಸಾಲಿನವರಿಗೆಲ್ಲ ತೋರಿಸಿದ. ಚಪ್ಪಾಳೆ ಬಿತ್ತು.

ಆಮೇಲೆ ಕೆಳಗೆ ನೋಡಿದ.

ತುಂಡನ್ನು ಒಮ್ಮೆ ಹೊರಳಿಸಿದ. ಇನ್ನೊಮ್ಮೆ ಹೊರಳಿಸಿದ. ಕಣ್ಣಿನ ಹತ್ತಿರಕ್ಕೆ ತಂದ. ಬಾಣ ಎಲ್ಲೂ ಇರಲಿಲ್ಲ. ಅಂಗಡಿಯವರು ಪಕ್ಕದಿಂದ, “ಏನಾದ್ರೂ ಬೇಕಿತ್ತಾ ಮೇಷ್ಟ್ರೇ?” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದು. ಆತನ ಕುತ್ತಿಗೆಯ ಮೇಲೆ ಬೆವರು ಮೂಡಿದ್ದು ಆಕೆಗೆ ಕಂಡಿತು.

ಆಕೆಗೆ ಗೊತ್ತಿತ್ತು. ಆತ ತುಂಡು ಎತ್ತಿ ಆಡಿಸುವಾಗಲೂ ಆಕೆಯ ಕಣ್ಣು ಅದರ ಮೇಲಿಂದ ಕದಲಿರಲಿಲ್ಲ. ಈಗ ಆತನ ಎಡಗೈಯಲ್ಲಿರುವ ತುದಿ ಮುಂದೆ ಬರಬೇಕು. ‘ಎಡಗಡೆದು’ ಎಂದು ಕೂತಲ್ಲಿಂದ ಮೆಲ್ಲಗೆ ಅಂದರೂ ಸಾಕು, ಆತ ಉಳಿದುಕೊಳ್ಳುತ್ತಾನೆ. ಅನ್ನದಿದ್ದರೆ ಗಾಜಿನ ಕಪಾಟಿನಿಂದ ಪೆನ್ನುಗಳು ಇಳಿಯಬಹುದು. ಆ ಪೆನ್ನುಗಳಿಂದಲೇ ಮನೆಯ ಒಲೆ ಉರಿಯುವುದು, ಅದನ್ನು ಹಚ್ಚುವವಳು ತಾನು. ಇದನ್ನೆಲ್ಲ ಆಕೆ ಯೋಚಿಸಿದಳು, ಅವಸರವಿಲ್ಲದೆ.

ಗಂಡ ತಲೆಯೆತ್ತಿ ನೇರವಾಗಿ ಆಕೆಯನ್ನೇ ನೋಡಿದ. ಸ್ನಾನದ ಮನೆಯಿಂದ ಟವೆಲಿಗಾಗಿ ಕೈ ಚಾಚಿದಾಗ ಇರುವಂಥದೇ ನೋಟ: ಬೇಡುವುದೂ ಅಲ್ಲ, ಕೇಳುವುದೂ ಅಲ್ಲ, ಯಾಕಿನ್ನೂ ಬಂದಿಲ್ಲ ಎಂಬ ಆಶ್ಚರ್ಯ. ಆ ನೋಟಕ್ಕೆ ಆಕೆಯ ಮಂಡಿಗಳು ತಾವಾಗಿ ಏಳಲು ಹೊರಟವು. ತುಟಿಯೂ ಬಿಚ್ಚಿತು.

ಆಕೆ ಎರಡೂ ಅಂಗೈಗಳನ್ನು ಮಂಡಿಗಳ ಮೇಲಿಟ್ಟು ಒತ್ತಿದಳು. ಪಾದಗಳು ನೆಲಕ್ಕೆ ಊರಿಕೊಂಡವು. ಬೆನ್ನನ್ನು ಕುರ್ಚಿಗೆ ಪೂರ್ತಿಯಾಗಿ ಆನಿಸಿದಳು. ತುಟಿ ಮುಚ್ಚಿ, ಗಂಡನ ಕಣ್ಣಿನಿಂದ ಕಣ್ಣು ಕದಲಿಸದೆ, ಆತ ಗರಗಸ ಎತ್ತಿಕೊಳ್ಳುವುದನ್ನು ಕಾಯುತ್ತ ಕೂತಳು.