ಹತ್ತನೇ ಸಾಲಿನಿಂದ ತಾಳಿ

"ದೊಡ್ಡ ಮೊಮ್ಮಗಳ ಮದ್ವೇಲಿ ನಾನು ತಾಳಿ ನೋಡ್ಲಿಲ್ಲ ಕಣಪ್ಪ. ನಿನ್ ಬೆನ್ನು ನೋಡ್ದೆ."

ಮದುವೆ ಫೋಟೋ ತೆಗೆಯುವ ಚನ್ನವೀರನಿಗೆ ಎಂಟು ವರ್ಷದಲ್ಲಿ ಯಾರೂ ಹೇಳದ ಮಾತನ್ನು ಲಕ್ಷ್ಮಿದೇವಮ್ಮ ಹೇಳಿಬಿಟ್ಟರು. ರೋಣದ ಕಡೆಯಿಂದ ತೊಂಬತ್ತಾರರಲ್ಲಿ ಬಂದು, ಬಿಟಿಎಂ ಲೇಔಟಿನಲ್ಲಿ ಅವರದೇ ಮನೆಯ ಮಹಡಿ ರೂಮು ಹಿಡಿದವನು ಇವನು. ರಾಗಿ ಹೊಲಗಳೆಲ್ಲ ಸೈಟಾಗಿ ಬಾಡಿಗೆ ಮನೆಗಳ ಯಜಮಾನಿಯಾದ ಆಕೆಯ ಬಾಯಿ ಜೋರು. ಅವತ್ತು ಮಾತ್ರ ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಅದೇ ಚುರುಕ್ಕೆಂದಿತು. ತಾಯಿಯಿಲ್ಲದ ಇಬ್ಬರು ಮೊಮ್ಮಕ್ಕಳನ್ನು ಸಾಕಿದ ಜೀವ ಅದು. ಇನ್ನು ಮದುವೆಗೆ ಉಳಿದಿದ್ದವಳು ಕಿರಿಯವಳು ಮಧುಶ್ರೀ ಒಬ್ಬಳೇ.

"ಈ ಸಲ ಹತ್ತನೇ ಸಾಲಿನ ಹಿಂದ ನಿಂದರ್ತೀನ್ರಿ ಅಜ್ಜಿ. ನೀವೂ ನೋಡ್ರಿ, ಫೋಟೋನೂ ಬರ್ತೈತಿ."

"ಬರ್ದಿದ್ರೆ?"

"ಬರದಿದ್ರ ನಾ ಮತ್ತ ಮದವಿ ಫೋಟೋ ತಗಿಯಂಗಿಲ್ರಿ."

ಎಲುಬಿಲ್ಲದ ನಾಲಿಗೆ, ಆಡಿಬಿಟ್ಟಿತು! ಮೆಟ್ಟಿಲು ಹತ್ತುವಾಗಲೇ ಚನ್ನವೀರ ಲೆಕ್ಕ ಹಾಕತೊಡಗಿದ. ಹತ್ತನೇ ಸಾಲಿನಿಂದ ಫ್ಲಾಶಿನ ಬೆಳಕು ಮಂಟಪ ಮುಟ್ಟುವುದಿಲ್ಲ. ಚೌಲ್ಟ್ರಿಯ ಟ್ಯೂಬ್‌ಲೈಟಿನಲ್ಲಿ ಅಷ್ಟು ದೂರದ್ದನ್ನು ಹತ್ತಿರ ಎಳೆಯಬೇಕೆಂದರೆ ಜಾಸ್ತಿ ಬೆಳಕು ಕುಡಿಯುವ ದಪ್ಪ ಜೂಮ್ ಲೆನ್ಸೇ ಬೇಕು. ಅವನ ಹತ್ತಿರ ಅಂಥದ್ದೊಂದಿತ್ತು, ಹಳೆಯದು. ಕೊಳವೆಯನ್ನು ಹಿಂದಕ್ಕೆಳೆದರೆ ಹತ್ತಿರ, ಮುಂದಕ್ಕೆ ತಳ್ಳಿದರೆ ದೂರ. ಮಂದ ಬೆಳಕಿನಲ್ಲಿ ತಾನಾಗಿ ಫೋಕಸ್ ಮಾಡು ಎಂದರೆ ಗರಗರ ಸದ್ದು ಮಾಡುತ್ತ ಹುಡುಕುತ್ತಲೇ ಇರುತ್ತಿತ್ತು, ಪುಣ್ಯಾತ್ಮ.

ಜಯನಗರದಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಯ ರವಿಕುಮಾರ ಹೊಸ ಲೆನ್ಸೊಂದನ್ನು ಎತ್ತಿ ತೋರಿಸಿದ. "ಇನ್ನೂ ಆ ರೋಡ್ ರೋಲರ್ ಹೊತ್ಕೊಂಡು ತಿರುಗ್ತೀಯಲ್ಲ ಗುರು! ಇದು ನೋಡು, ಕೈ ನಡುಗಿದ್ರೂ ಫೋಟೋ ನಡುಗಲ್ಲ. ಬಟನ್ ಮುಟ್ಟಿದ್ರೆ ಫೋಕಸ್ಸು. ಸಖತ್ ಮಾಲು ಮಗಾ."

ಚನ್ನವೀರ ಪರೀಕ್ಷೆ ಮಾಡದೆ ಬಿಡಲಿಲ್ಲ. ಸಂಜೆ ಹೊತ್ತು ತಾರಸಿಯ ಮೇಲೆ ಲಕ್ಷ್ಮಿದೇವಮ್ಮ ರಾಗಿ ಕೇರುತ್ತಿದ್ದಾಗ ಎರಡರಲ್ಲೂ ಹೊಡೆದು, ಪ್ರಿಂಟು ಹಾಕಿಸಿ ನೋಡಿದ. ಹಳೆಯದರಲ್ಲಿ ಆಕೆಯ ಮೊಗವೇ ಮಸುಕು. ಹೊಸದರಲ್ಲಿ ಮೂಗುತಿಯ ಹರಳು ಕೂಡ ಎಣಿಸಬಹುದು. ಆಡುವ ಮೊರ ಮಾತ್ರ ಎರಡರಲ್ಲೂ ಕಲಸಿಹೋಗಿತ್ತು. ಮೊರ ತಾನೇ, ಹೋದರೆ ಹೋಗಲಿ ಎಂದುಕೊಂಡು ಹೊಸದನ್ನೇ ಆರಿಸಿದ. ಆದರೂ ಮನಸ್ಸು ಪೂರ್ತಿ ಒಪ್ಪದೆ ಹಳೆಯದನ್ನು ಇನ್ನೊಂದು ಕ್ಯಾಮೆರಾಗೆ ಸಿಕ್ಕಿಸಿ ಜೊತೆಗೊಯ್ದ.

ಎರಡು ಸಾವಿರದ ನಾಲ್ಕರ ಮೇ ತಿಂಗಳು, ಬನಶಂಕರಿಯ ಚೌಲ್ಟ್ರಿ. ಚನ್ನವೀರ ಹತ್ತನೇ ಸಾಲಿನ ಹಿಂದೆ ಕುರ್ಚಿ ಹತ್ತಿ ನಿಂತ. ಮಂಡಿನೋವಿನ ಲಕ್ಷ್ಮಿದೇವಮ್ಮ ಮೊದಲನೇ ಸಾಲಿನಲ್ಲಿ ಕೂತಿದ್ದರು, ಎದುರಿಗೆ ಯಾರ ಬೆನ್ನೂ ಇಲ್ಲ. ಸುಮ್ಮನಿರಲಾರದೆ ಅವನು ಹಳೆಯ ಲೆನ್ಸನ್ನೂ ಮಧುಶ್ರೀಯ ಬಾಸಿಂಗಕ್ಕೆ ಗುರಿಯಿಟ್ಟು, ಕೈಯಲ್ಲೇ ತಿರುಗಿಸಿ ಫೋಕಸ್ ಕೂರಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಹೊಸದನ್ನು ಕಣ್ಣಿಗೆ ಹಿಡಿದ.

"ಗಟ್ಟಿಮೇಳ! ಗಟ್ಟಿಮೇಳ!" ಎಂದು ಪುರೋಹಿತರು ಕೂಗಿದರು.

ಓಲಗ ಭೋರ್ಗರೆಯಿತು. ಅಷ್ಟೇ, ಹತ್ತು ಸಾಲಿನ ಜನವೂ ಒಟ್ಟಿಗೆ ಎದ್ದು ಅಕ್ಷತೆಯ ಕೈ ಎತ್ತಿತು! ಎಂಟು ವರ್ಷ, ನಾನೂರು ಮದುವೆ. ಪ್ರತಿ ಸಲವೂ ಗಟ್ಟಿಮೇಳಕ್ಕೆ ಮಂಟಪದ ಮುಂದೆ ಜನಕ್ಕೆ ಬೆನ್ನು ಹಾಕಿ ನಿಂತವನಿಗೆ, ಹಿಂದೆ ಹೀಗೊಂದು ಕೈಗಳ ಬೇಲಿ ಏಳುತ್ತದೆಂಬುದೇ ಗೊತ್ತಿರಲಿಲ್ಲ. ತಲೆಯ ಮೇಲೆ ಬಿದ್ದ ಅಕ್ಕಿ ಗೊತ್ತಿತ್ತು, ಎಸೆದ ಕೈ ನೋಡಿರಲಿಲ್ಲ.

ಹೊಸ ಲೆನ್ಸು ಮಹಾ ಚುರುಕು. ಎದುರಿಗೆ ಬಂದ ಕೈಯನ್ನು ಸರಕ್ಕನೆ ಹಿಡಿಯಿತು. ಒಂದು ಕೈ, ಇನ್ನೊಂದು ಕೈ, ಯಾರದೋ ಗಾಜಿನ ಬಳೆ. ಹಿಂದೆ ಮಂಟಪವೆಲ್ಲ ಹಾಲಿನಂತೆ ಮಸುಕು. ವರನ ಕೈ ಆಗಲೇ ಮಧುಶ್ರೀಯ ಕೊರಳ ಹಿಂದಿತ್ತು.

ಚನ್ನವೀರ ಹೊಸದನ್ನು ಕೈಬಿಟ್ಟ. ಕೊರಳ ಪಟ್ಟಿಯಲ್ಲಿ ತೂಗಿ ಅದು ಎದೆಗೆ ಬಡಿಯಿತು. ಹಳೆಯದನ್ನು ಕಣ್ಣಿಗೆ ಹಿಡಿದ. ಅದು ಕೈಗಳ ಕಡೆ ತಿರುಗಿಯೂ ನೋಡಲಿಲ್ಲ, ಬಾಸಿಂಗದ ಮೇಲೆ ಇಟ್ಟ ದೃಷ್ಟಿ ಇಟ್ಟಂತೆಯೇ ಇತ್ತು. ಉಸಿರು ಬಿಗಿಹಿಡಿದು, ಎರಡು ತೋಳುಗಳ ನಡುವೆ ಸಂದಿ ಸಿಕ್ಕ ಕ್ಷಣ ಒತ್ತಿದ. ಇನ್ನೊಮ್ಮೆ ಒತ್ತುವಷ್ಟರಲ್ಲಿ ಓಲಗ ಇಳಿಯಿತು.

ರೀಲು ತೊಳೆಸಿ ಬರಲು ಎರಡು ದಿನ. ಆ ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಲಕ್ಷ್ಮಿದೇವಮ್ಮನ ಕಣ್ಣಿಗೆ ಬೀಳದಂತೆ ಕಳ್ಳನ ಹಾಗೆ ಮೆಟ್ಟಿಲು ಇಳಿದು ಹತ್ತಿದ. ಮೂರನೆಯ ದಿನ ಲ್ಯಾಬಿನಿಂದ ಬಂದವನೇ ಪ್ರಿಂಟನ್ನು ಆಕೆಯ ಕೈಗಿಟ್ಟು ನಿಂತ.

ಆಕೆ ಕನ್ನಡಕ ಹಾಕಿಕೊಂಡು ನೋಡಿದರು. ಎರಡು ಮಸುಕು ತೋಳುಗಳ ನಡುವೆ ತಾಳಿ, ಬಾಗಿದ ಮಧುಶ್ರೀಯ ಮುಖ, ರೆಪ್ಪೆಯ ಮೇಲೆ ಒಂದು ಅಕ್ಕಿಕಾಳು. ಕೆಳಗೆ ಮೂಲೆಯಲ್ಲಿ ಕನಕಾಂಬರ ಮುಡಿದ ಒಂದು ನರೆತ ತುರುಬು.

"ಇದ್ಯಾವಳ ತಲೆನಪ್ಪ ಅಡ್ಡ?"

"ನಿಮ್ಮದ ಐತ್ರಿ, ಅಜ್ಜಿ."

"ಅಯ್ಯೋ ನಿನ್ನ! ಅವತ್ತು ನಿನ್ ಬೆನ್ನು ನಂಗೆ, ಇವತ್ತು ನನ್ ಬೆನ್ನು ನಿಂಗಾ!" ನಗುತ್ತ ನಗುತ್ತಲೇ ಆಕೆಯ ಕಣ್ಣು ತುಂಬಿತು. ಸೆರಗಿನಿಂದ ಫೋಟೋ ಒರೆಸಿ ಮಡಿಲಲ್ಲಿಟ್ಟುಕೊಂಡರು.

"ನೋಡ್ದೆ ಕಣಪ್ಪ. ಮೂರು ಗಂಟೂ ನೋಡ್ದೆ."