ಕಟ್ಟು ಮೀರಿದೋಳು

ಹೋದ ವಾರ ಹೊನ್ನಾಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಟೈಲರ್ ಅಂಗಡಿಯಲ್ಲಿ ಮಷೀನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ, ನಮ್ಮ ಪಕ್ಕದ್ಮನೆ ಅತ್ತೆ ಕಣ್ಣೆದುರು ಬಂದರು... ಅವರ ಹಿಂದೆಯೇ ಸಿಟ್ಟೂ ಬಂತು.

ನ್ಯಾಮತಿಯ ನಮ್ಮ ಓಣಿಯ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವರು ಅವರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹಾಸಿಗೆ ಹಿಡಿದ ಅಪ್ಪನನ್ನು ಒಂಬತ್ತು ವರ್ಷ ನೋಡಿಕೊಂಡರು. ಅಪ್ಪ ಸತ್ತಾಗ, ಗಂಡುಮಕ್ಕಳಿಲ್ಲವೆಂದು ಉಬ್ರಾಣಿಯ ದಾಯಾದಿಯೊಬ್ಬ ಮೊದಲ ಹಿಡಿ ಮಣ್ಣು ಹಾಕಲು ಬಂದ. ಅತ್ತೆ ಅವನನ್ನು ಸರಿಸಿ ತಾವೇ ಹಾಕಿದರು.

“ಹೆಣ್ಮಕ್ಳು ಮಣ್ಣು ಹಾಕಂಗಿಲ್ಲ. ನಮ್ಮಲ್ಲಿ ಕಟ್ಟು ಐತೆ,” ಓಣಿಯ ಗೌಡರು ಗುಡುಗಿದರು.

“ಅಪ್ಪನ ಹೇಲುಚ್ಚೆ ಬಳಿಯಾಕೆ ಯಾವ ಕಟ್ಟು ಇತ್ರೀ ಗೌಡ್ರೇ? ಆವಾಗ ಯಾರೂ ಬರಲಿಲ್ಲ!”

ಅಂದಿನಿಂದ ಅವರು ‘ಕಟ್ಟು ಮೀರಿದೋಳು’. ಕಟ್ಟು ಅಂದರೆ ಪದ್ಧತಿ, ಅಷ್ಟೇ, ಅಂತ ಶಾಲೆಯಲ್ಲಿ ಕಲಿತಿದ್ದೆ. ಓಣಿಯ ಬಾಯಲ್ಲಿ ಆ ಮಾತಿಗೆ ಬೇರೆ ಅರ್ಥ. ಅವಳಿಗೆ ಬಟ್ಟೆ ಕೊಡಬೇಡಿ, ಮದುವೆಗೆ ಕರೆಯಬೇಡಿ... ಗಂಡಸರು ನಕ್ಕು ಹೇಳುವಾಗ ಇನ್ನೂ ಹೊಲಸು ಅರ್ಥ. ನಮ್ಮವ್ವ ಕೂಡ ರವಿಕೆಗಳನ್ನು ಬೇರೆ ಕಡೆ ಕೊಡತೊಡಗಿದಳು.

ಎಷ್ಟೋ ವರ್ಷದ ಮೇಲೆ ಗೌಡರು ಸತ್ತರು. ಅವರಿಗೂ ಗಂಡುಮಕ್ಕಳಿರಲಿಲ್ಲ. ದೊಡ್ಡ ಹುದ್ದೆಯಲ್ಲಿದ್ದ ಮಗಳು ಮಣ್ಣು ಹಾಕಿದಳು. ಪೇಪರಿನಲ್ಲಿ ಫೋಟೋ ಬಂತು: ‘ಸಂಪ್ರದಾಯ ಮುರಿದು ಮಾದರಿಯಾದ ಮಗಳು’. ಅತ್ತೆಯನ್ನು ಬೈದ ಬಾಯಿಗಳೇ ಅದನ್ನು ಹೊಗಳಿದವು. ಒಬ್ಬರಿಗೂ ನಾಚಿಕೆಯಾಗಲಿಲ್ಲ. ನಾನು ಅತ್ತೆಗೆ ಓದಿ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ಕೇಳಿದರು: “ಅಲ್ಲವ್ವ, ನಾನೂ ಇದನ್ನೇ ಅಲ್ವಾ ಮಾಡಿದ್ದು?”

ಕೊನೆಗೆ ಅವರೂ ಹಾಸಿಗೆ ಹಿಡಿದರು. “ನಂಗೆ ಮಣ್ಣು ನೀನೇ ಹಾಕವ್ವ,” ಎಂದರು. ಹೂಂ ಅಂದೆ.

ಅವರು ಸತ್ತ ದಿನ ಆ ದಾಯಾದಿಯ ಮಗ ಬಂದ. ಅತ್ತೆ ನರಳುವಾಗ ಒಮ್ಮೆಯೂ ಬಂದು ನೋಡಿದವನಲ್ಲ. ನಾನು ಗುಣಿಯ ಅಂಚಿನಲ್ಲಿ ಹಿಡಿ ಮಣ್ಣು ಎತ್ತಿಕೊಂಡು ನಿಂತಿದ್ದೆ. “ಸರೀರಿ ಅಕ್ಕಾರೇ,” ಎಂದ. ಜನ ನೋಡುತ್ತಿದ್ದರು...

ಸರಿದೆ.

ಅತ್ತೆ ಹೋಗಿ ಎರಡು ವರ್ಷ. ಅವರ ಮನೆಗೆ ಬೀಗ ಬಿದ್ದಿದೆ. ಓಣಿಯಲ್ಲಿ ನನ್ನನ್ನು ಈಗಲೂ ಎಲ್ಲರೂ ‘ಒಳ್ಳೇ ಹೆಣ್ಮಗಳು’ ಅನ್ನುತ್ತಾರೆ. ಕೇಳಿದಾಗೆಲ್ಲ ಮೈ ಉರಿಯುತ್ತದೆ.